ಮಳೆಗಾಲ ಕಂಡ ಆರು ಕ್ಯೂಗಳು: ಒಣಗಿಸುವುದರಿಂದ ಟಿಪ್ ಅಂಟಿಸುವವರೆಗೆ

ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಕಟ್ಟಡ. ಜಂಬಿಟ್ಟಿಗೆ ಗೋಡೆ, ಒಳಗೊಂದು ಟೇಬಲ್, ಗೋಡೆಗೆ ಒರಗಿಸಿಟ್ಟ ಆರು ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು. ಆರಿದ್ರಾ ಮಳೆ ಹಿಡಿದಾಗ ಎಲ್ಲಿದ್ದವೋ ಮಘೆ ಮುಗಿದಾಗಲೂ ಅಲ್ಲೇ ಇದ್ದವು. ಆರರಲ್ಲಿ ನಾಲ್ಕು ಸ್ನೂಕರ್ ಕ್ಯೂ: ಆ್ಯಶ್ ಮರದ ಶಾಫ್ಟ್ (ಮುಂಭಾಗದ ಸಪೂರ ಕೋಲು), ಹಿತ್ತಾಳೆ ಫೆರೂಲ್ (ತುದಿಯ ಬಳೆ), 9.5 ಮಿ.ಮೀ. ಟಿಪ್ (ಚೆಂಡಿಗೆ ತಾಗುವ ಚರ್ಮದ ಬಿಲ್ಲೆ). ಉಳಿದೆರಡು ಪೂಲ್ ಕ್ಯೂ: ಮೇಪಲ್ ಶಾಫ್ಟ್, ಫೈಬರ್ ಫೆರೂಲ್, 13 ಮಿ.ಮೀ. ಟಿಪ್, ನಡುವೆ ಬಿಚ್ಚುವ ಜಾಯಿಂಟ್. ಎಲ್ಲದರ ಮೈಮೇಲೂ ಬೂಸಲು. ಎರಡರ ಟಿಪ್ ಉದುರಿತ್ತು, ಒಂದರದ್ದು ಅಣಬೆಯಂತೆ ಹರಡಿತ್ತು. ಒಂದು ಫೆರೂಲ್ ಸಡಿಲ, ಒಂದು ಜಾಯಿಂಟ್ ಅಲುಗಾಟ, ಒಂದು ಕ್ಯೂ ಕಣ್ಣಿಗೇ ಕಾಣುವಷ್ಟು ಬಾಗಿತ್ತು.

ಇಂಥ ಕ್ಯೂ ಕೈಗೆ ಬಂದರೆ ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವ ಕೆಲಸ ಹೊಸ ಟಿಪ್ ಅಂಟಿಸುವುದು. ಮಲೆನಾಡಿನಲ್ಲಿ ಅದು ಕಟ್ಟಕಡೆಯ ಕೆಲಸ. ತೇವ ಕುಡಿದ ಮರ ಉಬ್ಬಿರುತ್ತದೆ. ಒಣಗುತ್ತಾ ಸಪೂರವಾದಾಗ, ಅಲ್ಲಿಯವರೆಗೆ ಬಿಗಿಯಾಗಿದ್ದ ಫೆರೂಲ್ ಸಡಿಲಾಗುತ್ತದೆ. ಫೆರೂಲ್ ಬಿಚ್ಚಬೇಕೆಂದರೆ ಟಿಪ್ ಕೀಳಲೇಬೇಕು. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ತೂಗಿ, ಒಣಗಿಸಿ, ನೇರ ಇದೆಯೇ ನೋಡಿ, ಮೈ ಶುಚಿ ಮಾಡಿ, ಜಾಯಿಂಟ್ ಮತ್ತು ಫೆರೂಲ್ ಭದ್ರ ಮಾಡಿ, ಆಮೇಲೆ ಟಿಪ್.

ಒಣಗಿಸುವುದು

ಗಾಳಿಯಲ್ಲಿ ಎಷ್ಟು ತೇವ ಇದೆಯೋ ಅದಕ್ಕೆ ತಕ್ಕಷ್ಟು ನೀರನ್ನು ಮರ ಹಿಡಿದಿಟ್ಟುಕೊಳ್ಳುತ್ತದೆ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆರ್ದ್ರತೆ ಶೇ. 90 ಇದ್ದರೆ, ಮರದೊಳಗಿನ ನೀರು ಅದರ ಒಣತೂಕದ ಸುಮಾರು ಶೇ. 20ರವರೆಗೆ ಏರುತ್ತದೆ. ಆರ್ದ್ರತೆ ಶೇ. 65ಕ್ಕಿಳಿದರೆ ಸುಮಾರು 12ಕ್ಕೆ, ಶೇ. 50ಕ್ಕಿಳಿದರೆ ಸುಮಾರು 9ಕ್ಕೆ ಬಂದು ನಿಲ್ಲುತ್ತದೆ. ಪಾಲಿಶ್ ಇರುವ ಬಟ್ (ಕೈಯಲ್ಲಿ ಹಿಡಿಯುವ ದಪ್ಪ ಬುಡ) ನಿಧಾನವಾಗಿ ಹೀರುತ್ತದೆ, ಕೈ ಜಾರಲೆಂದು ಬರಿದಾಗಿ ಬಿಟ್ಟ ಶಾಫ್ಟ್ ಬೇಗ ಹೀರುತ್ತದೆ. ಗೋಡೆಗೆ ಒರಗಿಸಿದಾಗ ತೊಂದರೆ ಎರಡು ಪಟ್ಟು. ಗೋಡೆಯ ಕಡೆಯ ಮೈ ಹೆಚ್ಚು ತೇವ ಕುಡಿಯುತ್ತದೆ, ಜೊತೆಗೆ ಕ್ಯೂ ತನ್ನ ಭಾರಕ್ಕೆ ತಾನೇ ಬಾಗುತ್ತಿರುತ್ತದೆ. ಮರ ಮೆತ್ತಗಿರುವ ಕಾಲದಲ್ಲಿ ಆ ಬಾಗು ಕಾಯಂ ಆಗಿಬಿಡುತ್ತದೆ.

ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಒಂದು ಕಡೆ, ಫೆಬ್ರವರಿ ಬರುವಷ್ಟರಲ್ಲಿ ಒಣಗಿ ನಿಲ್ಲುವ ಶಿವಮೊಗ್ಗ ಪೇಟೆ ಇನ್ನೊಂದು ಕಡೆ. ನಡುವೆ ಸುಮಾರು ಎರಡು ಗಂಟೆಯ ದಾರಿ, ಅಷ್ಟೇ. ಪೇಟೆಯಲ್ಲಿ ಬೇಸಿಗೆಯಲ್ಲಿ ಕೊಂಡ ಕ್ಯೂ ಘಟ್ಟದಂಚಿನ ಊರಿನಲ್ಲಿ ಮೊದಲ ಮಳೆಗಾಲ ದಾಟುವವರೆಗೆ ಅದರ ಗುಣದ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಡಿಕೆ ಹರವಿದ ಅಂಗಳದ ಬಿಸಿಲಿಗೂ ಹಾಕಬೇಡಿ. ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ನೀರು ಇರುತ್ತದೆ. ಸಣ್ಣ ಬಿರುಕು ಬೀಳುವುದೂ ಬಟ್‌ನ ಬೆಸುಗೆ ಬಿಡುವುದೂ ಆಗಲೇ. ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ, ದಿನಕ್ಕೊಮ್ಮೆ ಕಾಲುಸುತ್ತು ತಿರುಗಿಸಿ. ಇಲ್ಲವೇ ಕೆಳಗೆ ವಿವರಿಸಿರುವ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ.

ಒಣಗಿತೋ ಇಲ್ಲವೋ ತಿಳಿಯಲು ಸೂಜಿ ಚುಚ್ಚುವ ತೇವಮಾಪಕ ಬೇಡ, ಶಾಫ್ಟ್‌ನಲ್ಲಿ ತೂತು ಉಳಿಯುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ತಕ್ಕಡಿಯ ಮೇಲೆ ಸಣ್ಣ ಬಟ್ಟಲಿಟ್ಟು ಕ್ಯೂ ಅಡ್ಡ ಇಟ್ಟು ತೂಗಿ. ಬಟ್ ಮೇಲೆ ಕಾಗದದ ಪಟ್ಟಿ ಅಂಟಿಸಿ ತೂಕ ಬರೆದಿಡಿ. 500 ಗ್ರಾಂ ಆಸುಪಾಸಿನ ಕ್ಯೂ ಹತ್ತು ಹದಿನೈದು ಗ್ರಾಂ ಇಳಿಯುವುದು ಉಂಟು. ವಾರದ ಅಂತರದಲ್ಲಿ ಒಂದು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಾರದಿದ್ದರೆ ಮುಂದಿನ ಕೆಲಸಕ್ಕೆ ಕೈ ಹಾಕಬಹುದು. ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅವಸರ ಬೇಡ.

ನೇರ, ಬಾಗು, ಮತ್ತು ಬೇರೆ ಕ್ಯೂ ಆರಿಸುವ ಮಾತು

ಟೇಬಲ್ ಮೇಲೆ ಉರುಳಿಸಿ ನೋಡುವುದು ಎಲ್ಲರಿಗೂ ಗೊತ್ತು. ಏನು ನೋಡಬೇಕು ಎಂಬುದರಲ್ಲೇ ಎಡವಟ್ಟಾಗುವುದು. ಕ್ಯೂ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಮಲಗಿಸಿದಾಗ ನಡುವೆ ಎಲ್ಲೋ ಬೆಳಕು ಕಂಡೇ ಕಾಣುತ್ತದೆ, ಅದು ದೋಷವಲ್ಲ. ಉರುಳಿಸುವಾಗ ಆ ಸಂದು ಒಂದೇ ಸಮ ಇರಬೇಕು. ಸುತ್ತಿಗೊಮ್ಮೆ ಅಗಲವಾಗಿ ಮತ್ತೆ ಕಿರಿದಾದರೆ ಬಾಗಿದೆ ಎಂದರ್ಥ. ತುದಿ ಕುಪ್ಪಳಿಸಿದರೆ ಬಾಗು ಶಾಫ್ಟ್‌ನ ಮುಂಭಾಗದಲ್ಲಿದೆ. ಎರಡು ತುಂಡಿನ ಕ್ಯೂ ಆದರೆ ಮೊದಲು ಬಿಡಿಬಿಡಿಯಾಗಿ ಉರುಳಿಸಿ, ಆಮೇಲೆ ಜೋಡಿಸಿ. ಬಿಡಿಯಾಗಿ ನೇರ ಇದ್ದು ಜೋಡಿಸಿದಾಗ ಕುಣಿದರೆ ತಪ್ಪು ಜಾಯಿಂಟ್‌ನದು, ಮರದ್ದಲ್ಲ. ಟೇಬಲ್ ಬಟ್ಟೆಯೇ ಉಬ್ಬಿರಬಹುದಾದ್ದರಿಂದ ಎರಡು ಬೇರೆ ಜಾಗಗಳಲ್ಲಿ ನೋಡಿ. ಕೊನೆಗೆ ಬಟ್ ಅನ್ನು ಕಣ್ಣಿಗೆ ಹಿಡಿದು, ಕಿಟಕಿಯ ಬೆಳಕಿನ ಕಡೆ ತುದಿ ಮಾಡಿ, ನಿಧಾನಕ್ಕೆ ತಿರುಗಿಸಿ.

ಸಂದಿನ ಏರಿಳಿತ ಒಂದು ಮಿ.ಮೀ. ಒಳಗಿದ್ದರೆ ಮರೆತುಬಿಡಿ. ಎರಡರವರೆಗೆ ಆಡಬಹುದು, ಬಾಗಿದ ದಿಕ್ಕು ಪ್ರತಿ ಸಲವೂ ಮೇಲಕ್ಕೆ ಬರುವಂತೆ ಬಟ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೂರು ದಾಟಿದರೆ ಗಂಭೀರ ಆಟಕ್ಕೆ ಬೇಡ. ಬಿಸಿ ಮಾಡಿ ಮಣಿಸುವುದು, ಭಾರ ಕಟ್ಟಿ ನೇತುಹಾಕುವುದು ಇವೆಲ್ಲ ಒಣ ಹವೆಯಲ್ಲಿ ಕೆಲವು ತಿಂಗಳು ನಿಲ್ಲುತ್ತವೆ, ಮುಂದಿನ ಪುಷ್ಯ ಮಳೆಗೆ ಮರ ಮತ್ತೆ ಹಳೇ ಬಾಗಿಗೆ ಹೋಗುತ್ತದೆ. ಆರರಲ್ಲಿ ಬಾಗಿದ ಆ ಸ್ನೂಕರ್ ಕ್ಯೂವನ್ನು ಕಲಿಯುವ ಮಕ್ಕಳಿಗೆ ಬಿಟ್ಟು, ಬದಲಿ ತರುವುದೇ ಸರಿಯಾದ ದಾರಿ.

ಬದಲಿ ಆರಿಸುವಾಗ: ಸ್ನೂಕರ್ ನಿಯಮದ ಪ್ರಕಾರ ಕ್ಯೂ 914 ಮಿ.ಮೀ.ಗಿಂತ ಕಡಿಮೆ ಇರಬಾರದು, ಬಳಕೆಯಲ್ಲಿರುವುದು 57–58 ಇಂಚು, ಅಂದರೆ 145–147 ಸೆಂ.ಮೀ. ತೂಕ 480ರಿಂದ 525 ಗ್ರಾಂ ಒಳಗಿದ್ದರೆ ಹೆಚ್ಚಿನವರ ಕೈಗೆ ಒಗ್ಗುತ್ತದೆ. ಪೂಲ್ ಕ್ಯೂಗೆ 510ರಿಂದ 595. ಆ್ಯಶ್ ಮರದ ಮೇಲೆ ಬಾಣದ ಮೊನೆಯಂಥ ಗೆರೆಗಳು ಒಂದರ ಹಿಂದೆ ಒಂದು ಸಾಲಾಗಿ ತುದಿಯವರೆಗೆ ಬಂದಿರಬೇಕು. ಗೆರೆಗಳು ಅರ್ಧದಲ್ಲಿ ಪಕ್ಕಕ್ಕೆ ಜಾರಿ ಅಂಚು ಸೇರಿದ್ದರೆ ಮರವನ್ನು ಓರೆಯಾಗಿ ಸೀಳಿದ್ದಾರೆ ಎಂದು ತಿಳಿಯಿರಿ, ಅಂಥದ್ದು ಬಾಗುವುದು ಬೇಗ. ಗೆರೆಯೇ ಕಾಣದ, ಕೆನೆ ಬಣ್ಣದ ಅಗ್ಗದ ಶಾಫ್ಟ್ ಬಹುತೇಕ ರ‍್ಯಾಮಿನ್ ಮರ. ನಮ್ಮ ಹವೆಗೆ ಒಂದು ಮಾತು: ಆ್ಯಶ್‌ನ ರಂಧ್ರಗಳು ತೆರೆದಿರುತ್ತವೆ, ಬೂಸಲು ಅವುಗಳಲ್ಲಿ ಕೂರುತ್ತದೆ. ಮೇಪಲ್ ಮೈ ದಟ್ಟ, ಒರೆಸಿದರೆ ಹೋಗುತ್ತದೆ. ಕೈಗೆ ಎರಡೂ ಒಗ್ಗುವುದಾದರೆ ಘಟ್ಟದ ಕಡೆಯವರು ಮೇಪಲ್ ತೆಗೆದುಕೊಳ್ಳುವುದು ಮೇಲು. ಕಾರ್ಬನ್ ಫೈಬರ್ ಶಾಫ್ಟ್‌ಗೆ ತೇವದ ಹಂಗೇ ಇಲ್ಲ, ಬೆಲೆ ಮಾತ್ರ ಹಲವು ಪಟ್ಟು.

ಬಟ್‌ಗೆ ಎಬೊನಿ, ರೋಸ್‌ವುಡ್ ಬಳಸುತ್ತಾರೆ. ನಮ್ಮ ಬೀಟೆ ರೋಸ್‌ವುಡ್ ಜಾತಿಯದ್ದೇ. ಬಟ್‌ನ ಅಂಚು ಚಕ್ಕೆ ಎದ್ದಿದ್ದರೆ ಪೀಠೋಪಕರಣ ಮಾಡುವವರ ಬಳಿ ಉಳಿದ ಬೀಟೆ ಚೂರು ತಂದು ತುಂಬಿಸಬಹುದು, ಬಣ್ಣ ಚೆನ್ನಾಗಿ ಕೂಡುತ್ತದೆ.

ಮೈ ಶುಚಿ

ಬೂಸಲನ್ನು ಮನೆಯೊಳಗೆ ಕೊಡವಬೇಡಿ. ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ತೆಗೆದು, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಟ್‌ನ ಪಾಲಿಶ್‌ಗೆ ಇದು ತಾಗದಿರಲಿ, ಫ್ರೆಂಚ್ ಪಾಲಿಶ್ (ಅರಗಿನದು) ಆಗಿದ್ದರೆ ಕರಗಿ ಮಂಕಾಗುತ್ತದೆ. ಬ್ಲೀಚಿಂಗ್ ನೀರು ಬೇಡ, ಮರದ ಎಳೆ ಎದ್ದು ಒರಟಾಗುತ್ತದೆ. ಆ್ಯಶ್‌ನ ಗೆರೆಯೊಳಗೆ ಇಳಿದ ಕಪ್ಪು ಕಲೆ ಹಾಗೇ ಇರಲಿ. ಅದನ್ನು ತೆಗೆಯುವ ಹಟಕ್ಕೆ ಬಿದ್ದರೆ ಶಾಫ್ಟ್ ಸವೆಯುತ್ತದೆ.

ಸವೆಯುವ ಮಾತು ಮುಖ್ಯ. ಉಜ್ಜುವ ಮೊದಲು ಫೆರೂಲ್ ಪಕ್ಕದ ಮರದ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳಿ. 800 ನಂಬರಿನ ಪಾಲಿಶ್ ಪೇಪರ್, ಆಮೇಲೆ 1200, ಕೊನೆಗೆ 2000. ಎಳೆಯ ಉದ್ದಕ್ಕೆ ಮಾತ್ರ, ಅಡ್ಡಡ್ಡ ಎಂದೂ ಅಲ್ಲ. ಫೆರೂಲ್‌ಗೆ ಟೇಪ್ ಸುತ್ತಿರಿ. ಒಟ್ಟು 0.05 ಮಿ.ಮೀ.ಗಿಂತ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಿಸಿ. ಮರ ಫೆರೂಲ್‌ಗಿಂತ ತಗ್ಗಾದರೆ ಬೆರಳಿನ ಸೇತುವೆಯಲ್ಲಿ (ಕ್ಯೂ ಜಾರಿಸಲು ಬೆರಳುಗಳಿಂದ ಮಾಡುವ ಆಸರೆ) ಪ್ರತಿ ಹೊಡೆತಕ್ಕೂ ಅಂಚು ತಾಗುತ್ತದೆ.

ಪೆಟ್ಟು ಬಿದ್ದು ತಗ್ಗಾದ ಕಡೆ ಕತ್ತರಿಸಬೇಕಾಗಿಲ್ಲ, ತುಂಬಿಸಬೇಕಾಗಿಯೂ ಇಲ್ಲ. ಒದ್ದೆ ಹತ್ತಿಬಟ್ಟೆಯ ಸಣ್ಣ ತುಂಡನ್ನು ತಗ್ಗಿನ ಮೇಲೆ ಹತ್ತು ನಿಮಿಷ ಇಟ್ಟು, ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಅದರ ಮೇಲೆ ಎರಡು ಮೂರು ಸೆಕೆಂಡ್ ಒತ್ತಿ. ಅದುಮಿದ ಎಳೆಗಳು ಹಬೆ ಕುಡಿದು ಮೇಲೇಳುತ್ತವೆ. ಒಂದು ದಿನ ಬಿಟ್ಟು 1200ರಲ್ಲಿ ನಯ ಮಾಡಿ. ಎಳೆ ತುಂಡಾಗಿದ್ದರೆ ಮಾತ್ರ ಇದು ಫಲಿಸದು.

ಇನ್ನು ಎಣ್ಣೆ. ಕ್ಯೂಗೆ ಅಗಸೆ ಎಣ್ಣೆ ಹಚ್ಚುವುದು ಹಳೇ ಪದ್ಧತಿ, ಒಣ ಊರುಗಳಿಗೆ ಚೆನ್ನ. ನಮ್ಮಲ್ಲಿ ಮಳೆಗಾಲದಲ್ಲಿ ಹಚ್ಚಿದ ಹಸಿ ಅಗಸೆ ಎಣ್ಣೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ, ಬೂಸಲಿಗೆ ಅದೇ ಆಹಾರ. ಹಚ್ಚಲೇಬೇಕಿದ್ದರೆ ಡಿಸೆಂಬರ್–ಫೆಬ್ರವರಿಯಲ್ಲಿ, ನಾಲ್ಕಾರು ಹನಿ, ಹತ್ತು ನಿಮಿಷದಲ್ಲಿ ಪೂರ್ತಿ ಒರೆಸಿ ತೆಗೆಯುವಂತೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳಬಲ್ಲದು, ಹರವಿ ಒಣಗಿಸಿ. ಈ ಆರು ಕ್ಯೂಗೆ ಎಣ್ಣೆ ಬಿಟ್ಟು, ಮೇಣ ತೆಗೆದ ಅರಗಿನ ತೆಳು ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಒಂದು ಕೈ ಹಚ್ಚಿ, ಒಣಗಿದ ಮೇಲೆ 2000ರಲ್ಲಿ ಹಗುರವಾಗಿ ಉಜ್ಜಿ, ಕಾರ್ನೌಬಾ ಮೇಣ ತೀಡಿ ಹೊಳಪು ಕೊಡುವುದು ಕ್ರಮ. ಬಟ್‌ನ ಬುಡದ ರಬ್ಬರ್ ತೆಗೆದು ಅಲ್ಲಿ ಕಾಣುವ ಬರಿ ಮರಕ್ಕೂ ಎರಡು ಕೈ ಅರಗು ಹಚ್ಚಿ. ಎಳೆಗಳ ಬಾಯಿ ತೆರೆದಿರುವ ಜಾಗ ಅದು, ನೀರು ನುಗ್ಗುವುದು ಅಲ್ಲಿಂದಲೇ.

ಫೆರೂಲ್, ಜಾಯಿಂಟ್

ಫೆರೂಲ್ ಸಡಿಲವಾದರೆ ಕಿವಿಗೆ ಗೊತ್ತಾಗುತ್ತದೆ. ಬಟ್ ಹಿಡಿದು ಶಾಫ್ಟ್‌ಗೆ ಅಂಗೈಯಿಂದ ತಟ್ಟಿದರೆ ಜೇನ್ನೊಣದ ಸದ್ದು. ತೆಗೆಯಲು ಕೆಳಗಿನ ಮರಕ್ಕೆ ಒದ್ದೆ ಬಟ್ಟೆ ಸುತ್ತಿ, ಬೆಸುಗೆ ಹಾಕುವ ಕಬ್ಬಿಣದ ತುದಿಯನ್ನು ಹಿತ್ತಾಳೆಗೆ ತಾಗಿಸಿ ಬಿಸಿ ಮಾಡಿ. ಒಳಗಿನ ಅಂಟು ಮೆತ್ತಗಾಗುತ್ತಲೇ, ಸೈಕಲ್ ಟ್ಯೂಬ್ ತುಂಡು ಸುತ್ತಿ ಇಕ್ಕಳದಲ್ಲಿ ತಿರುವಿ ಎಳೆಯಿರಿ. ಒಳಗಿನ ಹಳೇ ಅಂಟನ್ನು ಪೂರ್ತಿ ಕೆರೆದು, ಹಿತ್ತಾಳೆಯ ಒಳಮೈಯನ್ನು 120 ನಂಬರಿನಲ್ಲಿ ಒರಟು ಮಾಡಿ. ಫೆರೂಲ್ ಒಳಗೆ ಕೂರುವ ಮರದ ತುದಿ ಸಪೂರವಾಗಿದ್ದರೆ ತೆಳು ಹತ್ತಿ ದಾರ ಒಂದು ಸುತ್ತು ಸುತ್ತಿ ಬಿಗಿ ನೋಡಿ. ಮರದ ಮೇಲೆ ಉದ್ದಕ್ಕೆ ಒಂದು ಸಣ್ಣ ಗೀರು ಎಳೆಯಿರಿ, ಒಳಗೆ ಸಿಕ್ಕ ಗಾಳಿ ಮತ್ತು ಹೆಚ್ಚಾದ ಅಂಟು ಹೊರಬರಲು ದಾರಿ ಬೇಕು. ಗೀರು ಇಲ್ಲದಿದ್ದರೆ ಫೆರೂಲ್ ಕೂತಂತೆ ಕಂಡು ಹತ್ತು ನಿಮಿಷದಲ್ಲಿ ಅರ್ಧ ಮಿ.ಮೀ. ಮೇಲೆದ್ದಿರುತ್ತದೆ.

ಅಂಟು ನಿಧಾನದ ಅರಾಲ್ಡೈಟ್, ಐದು ನಿಮಿಷದ್ದಲ್ಲ. ಎರಡೂ ಟ್ಯೂಬಿನಿಂದ ಸಮಪಾಲು, ಎರಡು ನಿಮಿಷ ಕಲಸಿ. ಥಂಡಿ ಹವೆಯಲ್ಲಿ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು, 24 ಗಂಟೆ ಮುಟ್ಟಬೇಡಿ.

ಪೂಲ್ ಕ್ಯೂ ಜಾಯಿಂಟ್ ಅಲುಗಾಡಲು ಅರ್ಧಪಾಲು ಕಾರಣ ಕೊಳೆ. ಹಳೇ ಹಲ್ಲುಜ್ಜುವ ಬ್ರಷ್, ಆಲ್ಕೋಹಾಲ್ ಸಾಕು. ಎಣ್ಣೆ ಬಿಡಬೇಡಿ, ಪಕ್ಕದ ಮರ ಅದನ್ನು ಹೀರುತ್ತದೆ. ಎರಡು ತುಂಡು ಸೇರಿಸುವ ಸ್ಕ್ರೂ, ಅಂದರೆ ಪಿನ್ನೇ ಸವೆದಿದ್ದರೆ ಲೇತ್ ಅಂಗಡಿಗೆ ಹೋಗಬೇಕು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಈ ಕೆಲಸ ಬಲ್ಲವರು ಸಿಗುತ್ತಾರೆ. ಆದರೆ ಹೇಳುವುದನ್ನು ಸರಿಯಾಗಿ ಹೇಳಬೇಕು. ಪೂಲ್ ಕ್ಯೂ ಪಿನ್‌ಗಳು ಇಂಚಿನ ಅಳತೆಯವು: ಹೆಚ್ಚಾಗಿ 5/16 ಇಂಚು ದಪ್ಪ, ಇಂಚಿಗೆ 18 ಅಥವಾ 14 ಸುತ್ತು, ಇಲ್ಲವೇ 3/8 ಇಂಚು ದಪ್ಪ, ಇಂಚಿಗೆ 10 ಸುತ್ತು. ಲೇತ್‌ನವರ ಕೈಯಲ್ಲಿ ಸದಾ ಇರುವುದು 8 ಮಿ.ಮೀ. ಮೆಟ್ರಿಕ್ ಟ್ಯಾಪ್ (ಒಳಸುತ್ತು ಕೊರೆಯುವ ಉಳಿ). 5/16 ಇಂಚು ಎಂದರೆ 7.94 ಮಿ.ಮೀ., ಕಣ್ಣಿಗೆ ಎರಡೂ ಒಂದೇ. ಸುತ್ತಿನ ಅಂತರ ಮಾತ್ರ ಮೆಟ್ರಿಕ್‌ನಲ್ಲಿ 1.25, 18 ಸುತ್ತಿನ ಇಂಚಿನದರಲ್ಲಿ 1.41 ಮಿ.ಮೀ. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ಹಿತ್ತಾಳೆ ಒಳಗೂಡು ಹಾಳು. ಒಳ್ಳೆಯ ಸ್ಥಿತಿಯ ಇನ್ನೊಂದು ತುಂಡನ್ನು ಜೊತೆಗೆ ಒಯ್ದು ಪಿಚ್ ಗೇಜ್ (ಸುತ್ತಿನ ಅಂತರ ಅಳೆಯುವ ಸಾಧನ) ಇಟ್ಟು ನೋಡಿಸಿ.

ಟಿಪ್

ಚರ್ಮದ ಟಿಪ್‌ಗಳಲ್ಲಿ ಎರಡು ಬಗೆ. ಒಂದೇ ತುಂಡು ಚರ್ಮ ಒತ್ತಿ ಮಾಡಿದ್ದು, ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್ ಇದ್ದಂತೆ. ತೆಳು ಪದರಗಳನ್ನು ಅಂಟಿಸಿ ಮಾಡಿದ್ದು ಇನ್ನೊಂದು. ಎಲ್ಕ್ ಮಾಸ್ಟರ್ ಮೆತ್ತಗೆ, ಚೆಂಡಿಗೆ ತಿರುವು ಕೊಡಲು ಹಿತ, ಆದರೆ ತೇವದ ದಿನಗಳಲ್ಲಿ ಉಬ್ಬಿ ಬೇಗ ಅಣಬೆಯಾಗುತ್ತದೆ. ಮಳೆಗಾಲದಲ್ಲೂ ಆಡುವವರಿಗೆ ಮಧ್ಯಮ ಗಡಸಿನ ಪದರದ ಟಿಪ್ ಒಳ್ಳೆಯದು. ಪೆಟ್ಟಿಗೆಯಲ್ಲಿ ಬಂದ ಟಿಪ್‌ಗಳು ಒಂದರಂತೆ ಒಂದಿರುವುದಿಲ್ಲ. ಉಗುರಿನಿಂದ ಒತ್ತಿ, ನೆಲಕ್ಕೆ ಬೀಳಿಸಿ ಸದ್ದು ಕೇಳಿ, ಗಟ್ಟಿ ಸದ್ದು ಕೊಡುವುದನ್ನು ಆರಿಸಿ. ಅಳತೆ ಫೆರೂಲ್‌ಗಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡದಿರಲಿ: 9.5ಕ್ಕೆ 10, 13ಕ್ಕೆ 13.5 ಅಥವಾ 14. ಪೂಲ್ ನಿಯಮದಲ್ಲಿ ಟಿಪ್‌ನ ಗರಿಷ್ಠ ಅಗಲ 14 ಮಿ.ಮೀ., ಅಂಟಿಸಿದ ಮೇಲೆ ಹೇಗೂ ಕೆತ್ತಿ ಇಳಿಸುತ್ತೀರಿ.

ಅಂಟಿಸುವ ಎರಡು ದಿನ ಮೊದಲೇ ಟಿಪ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಕೇಳಲು ಸಣ್ಣದು, ನಮ್ಮ ಕಡೆ ಟಿಪ್ ಉದುರುವುದಕ್ಕೂ ಉಳಿಯುವುದಕ್ಕೂ ಇರುವ ವ್ಯತ್ಯಾಸ ಬಹುಪಾಲು ಇದೇ.

ಹಳೇ ಟಿಪ್ ಕತ್ತರಿಸಿ, ಅಂಟಿನ ಪದರವನ್ನು ಬ್ಲೇಡ್ ಅಡ್ಡ ಹಿಡಿದು ಕೆರೆಯಿರಿ. ಗಾಜಿನ ತುಂಡಿನ ಮೇಲೆ 120 ನಂಬರಿನ ಪೇಪರ್ ಅಂಟಿಸಿ, ಕ್ಯೂ ನೆಟ್ಟಗೆ ಹಿಡಿದು ಫೆರೂಲ್‌ನ ಮುಖವನ್ನು ನಾಲ್ಕೈದು ಸಲ ಎಳೆಯಿರಿ, ಪ್ರತಿ ಸಲವೂ ಕಾಲುಸುತ್ತು ತಿರುಗಿಸುತ್ತಾ. ಹಿಂದೆ ಮುಂದೆ ಉಜ್ಜಬೇಡಿ, ಮುಖ ಗುಮ್ಮಟವಾಗುತ್ತದೆ. ಉಕ್ಕಿನ ಅಳತೆಪಟ್ಟಿಯ ಅಂಚನ್ನು ಮುಖದ ಮೇಲಿಟ್ಟು ಬೆಳಕಿಗೆ ಹಿಡಿದರೆ ಎಲ್ಲೂ ಕಿರಣ ಕಾಣಬಾರದು. ಟಿಪ್‌ನ ಬೆನ್ನನ್ನೂ ಇದೇ ಪೇಪರ್ ಮೇಲೆ ಹೊಳಪು ಹೋಗುವವರೆಗೆ ತಿಕ್ಕಿ. ಎರಡಕ್ಕೂ ಆಲ್ಕೋಹಾಲ್ ಒರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ಬೆರಳು ತಾಗಿಸಬೇಡಿ.

ಜೆಲ್ ರೂಪದ ಸೂಪರ್ ಗ್ಲೂ ಬೇಕು. ನೀರಿನಂಥ ಫೆವಿಕ್ವಿಕ್ ಚರ್ಮದೊಳಗೆ ಇಳಿದು ಟಿಪ್‌ನ ಬುಡವನ್ನು ಕಲ್ಲು ಮಾಡುತ್ತದೆ, ಸಂದಿನಲ್ಲಿ ಮಾತ್ರ ಅಂಟೇ ಉಳಿದಿರುವುದಿಲ್ಲ. ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ಬೇಸಿಗೆಯಲ್ಲಿ ಟಿಪ್ ಜರುಗಿಸಿ ನಡುವಿಗೆ ತರಲು ಸಮಯ ಸಿಗುತ್ತದೆ, ಮಳೆಗಾಲದಲ್ಲಿ ಸಿಗುವುದಿಲ್ಲ. ಆದ್ದರಿಂದ ಅಂಟು ಹಾಕದೆ ಒಮ್ಮೆ ಕೂರಿಸಿ ನೋಡಿ, ಪೆನ್ಸಿಲ್‌ನಿಂದ ಟಿಪ್ ಮತ್ತು ಫೆರೂಲ್ ಎರಡರ ಮೇಲೂ ಗೆರೆ ಹಾಕಿಕೊಳ್ಳಿ. ಫೆರೂಲ್ ಮೇಲೆ ಅಕ್ಕಿಕಾಳಿನಷ್ಟು ಅಂಟು, ಗೆರೆಗೆ ಗೆರೆ ಕೂಡಿಸಿ ಟಿಪ್ ಇಟ್ಟು, ಕ್ಯೂ ತಲೆಕೆಳಗು ಮಾಡಿ ಸಮತಟ್ಟು ಹಲಗೆಯ ಮೇಲೆ ಒಂದು ನಿಮಿಷ ನೇರ ಒತ್ತಿ. ಸುತ್ತ ಅಂಟು ತೆಳ್ಳಗೆ ಇಣುಕಿದರೆ ಅಳತೆ ಸರಿ. ಪಕ್ಕದಲ್ಲಿ ಬಿಳಿ ಪುಡಿಯಂತೆ ಕಂಡರೆ ಹೆದರಬೇಡಿ, ತೇವಕ್ಕೆ ಅಂಟಿನ ಆವಿ ಕೂತದ್ದು, ಒರೆಸಿದರೆ ಹೋಗುತ್ತದೆ. ರಾತ್ರಿಯಿಡೀ ಬಿಡಿ.

ಕೆತ್ತುವಾಗ ಹೊಸ ಬ್ಲೇಡ್. ಕ್ಯೂ ತಲೆಕೆಳಗಾಗಿ ಹಲಗೆಯ ಮೇಲೆ ನಿಂತಿರಲಿ, ಬ್ಲೇಡ್ ಫೆರೂಲ್ ಮೈಗೆ ಒರಗಿ ಕೆಳಕ್ಕೆ ಬರಲಿ. ಒಂದೇ ಸಲ ದಪ್ಪ ಚಕ್ಕೆ ತೆಗೆಯಲು ಹೋದರೆ ಟಿಪ್‌ನ ಬುಡ ಕಿತ್ತು ಬರುತ್ತದೆ. ಫೆರೂಲ್‌ಗೆ ಟೇಪ್ ಸುತ್ತಿ 240, 400, 600ರಲ್ಲಿ ಪಕ್ಕ ನಯ ಮಾಡಿ. ಮೇಲಿನ ದುಂಡು ಕೊಡಲು 80 ನಂಬರ್. ಪೂಲ್ ಟಿಪ್‌ನ ದುಂಡು ಒಂದು ರೂಪಾಯಿ ನಾಣ್ಯದ ಅಂಚಿಗೆ ಕೂಡಬೇಕು, ಸ್ನೂಕರ್‌ನದ್ದು ಅದಕ್ಕಿಂತ ತುಸು ಬಿಗಿ. ನಾಣ್ಯವನ್ನು ಟಿಪ್ ಹಿಂದೆ ಹಿಡಿದು ಬೆಳಕಿಗೆ ನೋಡಿ. ಕೊನೆಗೆ ಟಿಪ್‌ನ ಪಕ್ಕಕ್ಕೆ ಮಾತ್ರ ಒಂದು ಹನಿ ನೀರು ಸವರಿ, ಚರ್ಮದ ಪಟ್ಟಿ ಸುತ್ತಿ, ಕಂದು ಹೊಳಪು ಬರುವವರೆಗೆ ರಭಸದಿಂದ ತಿಕ್ಕಿ. ಬಿಸಿಯಾಗಿ ಗಟ್ಟಿಯಾದ ಆ ಅಂಚೇ ಟಿಪ್ ಹರಡದಂತೆ ತಡೆಯುವುದು. ಅದರ ಮೇಲೆ ತೆಳುವಾಗಿ ಅರಗು ಹಚ್ಚಿದರೆ ಪಕ್ಕದಿಂದ ತೇವ ನುಗ್ಗುವುದು ಕಡಿಮೆಯಾಗುತ್ತದೆ. ಮೊದಲ ಕೆಲವು ಆಟಗಳ ನಂತರ ತುಸು ಹರಡಿಯೇ ಹರಡುತ್ತದೆ, ಮತ್ತೊಮ್ಮೆ ಕೆತ್ತಿ ತಿಕ್ಕಿ.

ಉದುರಿದ ಟಿಪ್ ಸಿಕ್ಕರೆ ಎಸೆಯುವ ಮೊದಲು ಅದರ ಬೆನ್ನು ನೋಡಿ. ಅಂಟೆಲ್ಲ ಫೆರೂಲ್ ಮೇಲೆ ಉಳಿದು ಚರ್ಮ ಬರಿದಾಗಿದ್ದರೆ, ಚರ್ಮ ತೇವವಿತ್ತು ಅಥವಾ ಬೆನ್ನು ತಿಕ್ಕಿರಲಿಲ್ಲ. ಅಂಟೆಲ್ಲ ಚರ್ಮದ ಜೊತೆ ಬಂದಿದ್ದರೆ ಫೆರೂಲ್‌ನಲ್ಲಿ ಬೆರಳಿನ ಜಿಡ್ಡಿತ್ತು. ನಡುವಿನಲ್ಲಿ ಮಾತ್ರ ಹಿಡಿದು ಅಂಚು ಬಿಟ್ಟಿದ್ದರೆ ಮುಖ ಗುಮ್ಮಟವಾಗಿತ್ತು. ಚರ್ಮವೇ ಹರಿದು ಎರಡೂ ಕಡೆ ಎಳೆ ಉಳಿದಿದ್ದರೆ ಅಂಟಿನ ಕೆಲಸ ಚೊಕ್ಕ, ಟಿಪ್ ಕಳಪೆ. ಈ ಆರು ಕ್ಯೂಗಳಲ್ಲಿ ಉದುರಿದ್ದ ಎರಡೂ ಮೊದಲನೇ ಬಗೆಯವು.

ಒಣ ಕಪಾಟು

ದುರಸ್ತಿ ಮಾಡಿ ಮತ್ತೆ ಅದೇ ಗೋಡೆಗೆ ಒರಗಿಸಿದರೆ ಪ್ರಯೋಜನವಿಲ್ಲ. ಕಪಾಟಿನ ತತ್ವ ಸರಳ: ಗಾಳಿಯಿಂದ ನೀರು ತೆಗೆಯದೆ ಬರೀ ಬಿಸಿ ಮಾಡಿದರೂ ಆರ್ದ್ರತೆ ಇಳಿಯುತ್ತದೆ. 24 ಡಿಗ್ರಿಯಲ್ಲಿ ಶೇ. 90 ಇರುವ ಗಾಳಿಯನ್ನು 29 ಡಿಗ್ರಿಗೆ ಏರಿಸಿದರೆ ಶೇ. 67ಕ್ಕೆ ಬರುತ್ತದೆ. ಬೂಸಲು ಬೆಳೆಯಲು ಸಾಮಾನ್ಯವಾಗಿ ಶೇ. 70ರ ಮೇಲಿರಬೇಕು. ಅಂದರೆ ಐದು ಡಿಗ್ರಿ ಸಾಕು.

12 ಮಿ.ಮೀ. ದಪ್ಪದ, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಒಂದೇ ಹಾಳೆ, ಎಂಟು ಅಡಿಗೆ ನಾಲ್ಕು ಅಡಿ. ಉದ್ದಕ್ಕೆ 180 ಸೆಂ.ಮೀ. ಅಳತೆಯ ನಾಲ್ಕು ಪಟ್ಟಿ: 40 ಸೆಂ.ಮೀ. ಅಗಲದ ಎರಡು ಬೆನ್ನಿಗೂ ಬಾಗಿಲಿಗೂ, 20 ಸೆಂ.ಮೀ. ಅಗಲದ ಎರಡು ಪಕ್ಕಗಳಿಗೆ. ಒಟ್ಟು 120, ಹಾಳೆಯ ಅಗಲ 122, ಗರಗಸ ತಿನ್ನುವುದಕ್ಕೆ ಎರಡು ಸೆಂ.ಮೀ. ಇದೆ. ಉಳಿದ 64 ಸೆಂ.ಮೀ. ತುಂಡಿನಲ್ಲಿ ತಲೆ, ತಳ, ನಡುಹಲಗೆ, ಕ್ಯೂ ಹಿಡಿಯುವ ಪಟ್ಟಿ ಎಲ್ಲ ಬರುತ್ತವೆ. ತಳದಿಂದ 22 ಸೆಂ.ಮೀ. ಮೇಲೆ ನಡುಹಲಗೆ, ಅದರ ಕೆಳಗೆ ಬಲ್ಬ್. ಮೇಲೆ ಉಳಿಯುವ 154 ಸೆಂ.ಮೀ. ಎತ್ತರದಲ್ಲಿ 147ರ ಇಡೀ ಕ್ಯೂ ನಿಲ್ಲುತ್ತದೆ. ನಡುಹಲಗೆಯಲ್ಲಿ ಬಟ್ ಕೂರಲು 32 ಮಿ.ಮೀ. ಅಗಲದ ಆಳವಿಲ್ಲದ ಗುಳಿಗಳು, 6 ಸೆಂ.ಮೀ.ಗೊಂದರಂತೆ ಆರು. ನಡುನಡುವೆ ಗಾಳಿಗೆ 10 ಮಿ.ಮೀ. ತೂತುಗಳು. ಮೇಲಿನ ಪಟ್ಟಿಯ ಕಚ್ಚು ಗುಳಿಯ ನೇರ ಮೇಲೆಯೇ ಬರಬೇಕು, ತೂಗುಗುಂಡು ಬಿಟ್ಟು ಗುರುತು ಹಾಕಿ. ಒಂದು ಸೆಂ.ಮೀ. ಪಕ್ಕಕ್ಕೆ ಹೋದರೂ ಕ್ಯೂ ಮತ್ತೆ ಒರಗಿದಂತೆಯೇ.

ಇಷ್ಟು ದೊಡ್ಡ ಪ್ಲೈವುಡ್ ಪೆಟ್ಟಿಗೆ ಒಂದು ಡಿಗ್ರಿಗೆ ಸುಮಾರು 7 ವ್ಯಾಟ್ ಶಾಖ ಹೊರಗೆ ಬಿಡುತ್ತದೆ. ಹಾಗಾಗಿ 40 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬ್ ಬೇಕು. 15 ವ್ಯಾಟ್‌ನದ್ದು ಎರಡು ಡಿಗ್ರಿ ಏರಿಸಿ ಸುಮ್ಮನಾಗುತ್ತದೆ, ಎಲ್‌ಇಡಿ ಅಂತೂ ಬೆಳಕು ಕೊಡುತ್ತದೆಯೇ ಹೊರತು ಸಾಲುವಷ್ಟು ಶಾಖ ಕೊಡುವುದಿಲ್ಲ. ಇಡೀ ದಿನ ಉರಿದರೆ ಒಂದು ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟ್. ಹೋಲ್ಡರ್ ಪಿಂಗಾಣಿಯದ್ದಿರಲಿ. ಬಲ್ಬ್ ಸುತ್ತ ಮತ್ತು ಮೇಲೆ ತಗಡು, ತಗಡಿಗೂ ಪ್ಲೈವುಡ್‌ಗೂ ಒಂದು ಸೆಂ.ಮೀ. ಸಂದು. ಮೇಲಿನ ತಗಡು ಮುಖ್ಯ, ಅದಿಲ್ಲದಿದ್ದರೆ ಬಲ್ಬ್‌ನ ನೇರ ಬಿಸಿ ನಡುವಿನ ಎರಡು ಕ್ಯೂಗಳ ಬುಡಕ್ಕೆ ತಾಗುತ್ತದೆ. ತಳದಲ್ಲಿ ನಾಲ್ಕು, ತಲೆಯಲ್ಲಿ ನಾಲ್ಕು 10 ಮಿ.ಮೀ. ತೂತು, ಎಲ್ಲಕ್ಕೂ ಸೊಳ್ಳೆಬಲೆ. ಕಪಾಟು ಗೋಡೆಯಿಂದ ಮೂರು ಸೆಂ.ಮೀ. ಈಚೆ, ಕಲ್ಲಿನ ತುಂಡುಗಳ ಮೇಲೆ ನಿಲ್ಲಲಿ. ಗೆದ್ದಲಿಗೆ ಗೋಡೆಯ ಸಂಪರ್ಕ ಸಿಕ್ಕರೆ ಮರೀನ್ ಪ್ಲೈವುಡ್ ಎಂದು ನೋಡುವುದಿಲ್ಲ.

ಈ ಕಪಾಟಿನೊಳಗೆ ಸಿಲಿಕಾ ಜೆಲ್ ಇಡಬೇಡಿ. ಗಾಳಿಗೆ ದಾರಿ ಇರುವ ಪೆಟ್ಟಿಗೆಯಲ್ಲಿ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೋಗಿ ಒಂದೇ ದಿನಕ್ಕೆ ಸೋಲುತ್ತದೆ. ಅದರ ಜಾಗ ಬಿಗಿಯಾಗಿ ಮುಚ್ಚುವ ಕ್ಯೂ ಕೇಸ್. ಕೇಸ್ ಒಂದಕ್ಕೆ 100 ಗ್ರಾಂ ಕಿತ್ತಳೆ ಬಣ್ಣದ ಜೆಲ್, ಬಟ್ಟೆ ಚೀಲದಲ್ಲಿ. ಹಸಿರಾದಾಗ 110–120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಚಾಕ್ ಕೂಡ ಕಪಾಟಿನ ಒಳಗೇ ಇರಲಿ. ಕ್ಯೂ ಚಾಕ್ ಎಂದರೆ ಬರೆಯುವ ಸೀಮೆಸುಣ್ಣವಲ್ಲ, ಸಿಲಿಕಾದಂಥ ಒರಟು ಪುಡಿ ಬೆರೆಸಿ ಒತ್ತಿದ ಬಿಲ್ಲೆ. 1897ರಲ್ಲಿ ಅಮೆರಿಕದಲ್ಲಿ ಸ್ಪಿಂಕ್ಸ್, ಹಾಸ್ಕಿನ್ಸ್ ಇಬ್ಬರು ಪೇಟೆಂಟ್ ಪಡೆದದ್ದು ಇದಕ್ಕೇ. ತೇವ ಹಿಡಿದ ಚಾಕ್‌ನ ಮುಖ ಗಾಜಿನಂತೆ ನುಣುಪಾಗಿ, ಹಚ್ಚಿದರೂ ಟಿಪ್‌ಗೆ ಹತ್ತುವುದಿಲ್ಲ. ಫಿನಾಲಿಕ್ (ಗಟ್ಟಿ ಪ್ಲಾಸ್ಟಿಕ್) ಚೆಂಡುಗಳಿಗೆ ತೇವದ ಭಯವಿಲ್ಲ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ತೊಳೆದು ಒರೆಸಿದರೆ ಮುಗಿಯಿತು.

ಕಪಾಟಿನ ನಡುವೆ ಒಂದು, ತಲೆಯ ಹತ್ತಿರ ಒಂದು ಡಿಜಿಟಲ್ ಆರ್ದ್ರತಾಮಾಪಕ ತೂಗುಹಾಕಿ. ಶೇ. 55ರಿಂದ 67, ಶಾಖ 35 ಡಿಗ್ರಿ ಮೀರಬಾರದು. ಮೇಲಕ್ಕೂ ನಡುವಿಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುಹಲಗೆಯ ತೂತುಗಳನ್ನು ಹೆಚ್ಚಿಸಿ. ಬಲ್ಬ್ ಉರಿಯಬೇಕಾದದ್ದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಚಿತ್ತೆ ಮಳೆ ಹಿಂದೆ ಸರಿದು ಕೋಣೆಯ ಆರ್ದ್ರತೆಯೇ ಶೇ. 60ಕ್ಕೆ ಇಳಿದ ಮೇಲೆ ಆರಿಸಿಬಿಡಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಮರ ಅತಿಯಾಗಿ ಒಣಗಿ ಫೆರೂಲ್‌ಗಳು ಮತ್ತೆ ಸಡಿಲಾಗುತ್ತವೆ. ಮಳೆಗಾಲದಲ್ಲಿ ಒಂದೆರಡು ದಿನ ಕರೆಂಟ್ ಹೋದರೆ ಚಿಂತೆಯಿಲ್ಲ, ಬಾಗಿಲು ತೆರೆಯದೆ ಹಾಗೇ ಬಿಡಿ. ವಾರವೇ ಹೋದರೆ ಕ್ಯೂಗಳನ್ನು ಬಿಚ್ಚಿ ಜೆಲ್ ಇರುವ ಕೇಸ್‌ಗೆ ಹಾಕಿ, ಬಿಚ್ಚಲು ಬಾರದವನ್ನು ಉದ್ದನೆಯ ಪಾಲಿಥಿನ್ ಕೊಳವೆಯಲ್ಲಿ ಜೆಲ್ ಚೀಲದ ಜೊತೆ ಕಟ್ಟಿಡಿ. ಬಲ್ಬ್ ಸುಟ್ಟಿದೆಯೇ ಎಂದು ನೋಡಲು ಬಾಗಿಲಿನ ಕೆಳಭಾಗದಲ್ಲಿ ಐದು ಮಿ.ಮೀ. ತೂತೊಂದು ಇಟ್ಟರೆ ಹೊರಗಿನಿಂದಲೇ ಬೆಳಕು ಕಾಣುತ್ತದೆ, ಬದಲಿ ಬಲ್ಬ್ ಎರಡು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ.